ಸುಳಿವಿನಂತೆಯೇ ನಡೆದರೂ ಮೂರನೆಯ ಡಬ್ಬಿ ಸಿಗಲಿಲ್ಲ: ನಾವು ತಪ್ಪಿದೆವೋ, ಡಬ್ಬಿಯೇ ಅಲ್ಲಿಲ್ಲವೋ?

ಪ್ರಶ್ನೆ
ಬರೆದವರು: ಜೋಡಿಹೆಜ್ಜೆ

ನಾನೂ ನನ್ನ ಪತಿಯೂ ಲೆಟರ್‌ಬಾಕ್ಸಿಂಗ್ ಆರಂಭಿಸಿ ಆರು ತಿಂಗಳಷ್ಟೇ ಆಗಿದೆ. ಯಾರೋ ಕಾಡಿನಲ್ಲಿ ಅಡಗಿಸಿಟ್ಟ ಪುಟ್ಟ ಡಬ್ಬಿಯನ್ನು ಅವರು ಬರೆದ ಸುಳಿವಿನ ಆಧಾರದಿಂದ ಹುಡುಕಿ, ಅದರೊಳಗಿನ ರಬ್ಬರ್ ಮೊಹರನ್ನು ನಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ನಮ್ಮ ಮೊಹರನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ, ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಬರುವ ಈ ಹವ್ಯಾಸವನ್ನು ನಾವಿಬ್ಬರೂ ಬಹಳ ಹಚ್ಚಿಕೊಂಡಿದ್ದೇವೆ. ಕಳೆದ ಭಾನುವಾರ ಒಂದೇ ಕಾಡುಹಾದಿಯಲ್ಲಿರುವ ಮೂರು ಡಬ್ಬಿಗಳಿಗಾಗಿ ಹೊರಟಿದ್ದೆವು. ಎರಡು ಸಿಕ್ಕವು. ಮೂರನೆಯದನ್ನು ಎರಡೂವರೆ ಗಂಟೆ ಹುಡುಕಿ, ಬೆಳಕು ಇಳಿಯತೊಡಗಿದ ಮೇಲೆ ಬರಿಗೈಯಲ್ಲಿ ಹಿಂದಿರುಗಿದೆವು. ಅಂದಿನಿಂದ ಮನಸ್ಸು ಅಲ್ಲಿಯೇ ಇದೆ.

ಆ ಮೂರನೆಯ ಡಬ್ಬಿಯ ಸುಳಿವು ಹೀಗಿದೆ: ಹಾದಿ ಎರಡಾಗಿ ಒಡೆಯುವಲ್ಲಿ ಎದೆಮಟ್ಟದ ಬಂಡೆಯಿದೆ, ಅದಕ್ಕೆ ಬೆನ್ನು ಕೊಟ್ಟು ನಿಂತು 140 ಡಿಗ್ರಿಯ ದಿಕ್ಕಿನಲ್ಲಿ 60 ಹೆಜ್ಜೆ ನಡೆಯಬೇಕು, ಅಲ್ಲಿ ಎರಡು ಕಾಂಡದ ಮರವಿದೆ, ಇಳಿಜಾರಿನ ಮೇಲ್ಭಾಗಕ್ಕೆ ಮುಖ ಮಾಡಿದ ಪೊಟರೆಯಲ್ಲಿ, ಚಪ್ಪಟೆ ಕಲ್ಲಿನ ಹಿಂದೆ ಡಬ್ಬಿ ಇದೆ. ಬಂಡೆಯ ಬಗ್ಗೆ ನಮಗೆ ಸಂಶಯವಿಲ್ಲ, ಆ ಕವಲಿನಲ್ಲಿ ಬೇರೆ ಬಂಡೆಯೇ ಇಲ್ಲ. ನಾನು ಎರಡೂ ಕೈಗಳಲ್ಲಿ ದಿಕ್ಸೂಚಿಯನ್ನು ಎದೆಯ ಹತ್ತಿರ ಹಿಡಿದು ನಿಂತೆ. ನಮ್ಮವರು ಪಕ್ಕದಲ್ಲೇ ನಿಂತು, ನನ್ನ ಕೈಯ ಮೇಲೆ ಬಾಗಿ, ಮೊಬೈಲಿನಲ್ಲಿದ್ದ ಸುಳಿವನ್ನು ಓದುತ್ತಾ ಮುಳ್ಳನ್ನು ನೋಡುತ್ತಿದ್ದರು. ದಿಕ್ಕು ಗೊತ್ತಾದ ಮೇಲೆ ಇಬ್ಬರೂ ಎಣಿಸುತ್ತಾ ನಡೆದೆವು. ನನ್ನ ಅರುವತ್ತನೆಯ ಹೆಜ್ಜೆ ಒಂದು ಪೊದೆಯ ಮುಂದೆ ಮುಗಿಯಿತು. ಅವರದು ಅಲ್ಲಿಂದ ಇನ್ನೂ ಏಳೆಂಟು ಮೀಟರ್ ಮುಂದೆ ಮುಗಿಯಿತು. ಆಸುಪಾಸಿನಲ್ಲಿ ಎರಡು ಕಾಂಡದ ಮರಗಳು ಮೂರು ಇದ್ದವು. ಒಂದರಲ್ಲೂ ಪೊಟರೆ ಇರಲಿಲ್ಲ.

ಇನ್ನೆರಡು ಸಂದೇಹಗಳನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ಮೊದಲನೆಯ ಡಬ್ಬಿಯ ಪುಸ್ತಕ ಪೂರ್ತಿ ಒದ್ದೆಯಾಗಿತ್ತು. ಪುಟಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದೆ ಬಂದವರ ಮೊಹರುಗಳ ನೀಲಿ ಬಣ್ಣ ಕಾಗದದ ಉದ್ದಕ್ಕೂ ಹರಡಿ, ಯಾವುದು ಎಲೆ ಯಾವುದು ಹಕ್ಕಿ ಎಂದು ತಿಳಿಯದಂತಾಗಿತ್ತು. ಅದನ್ನು ಮನೆಗೆ ತಂದು ಒಣಗಿಸಿ ಮರಳಿಸೋಣ ಎಂದು ನಾನು ಹೇಳಿದೆ, ನಮ್ಮದಲ್ಲದ್ದನ್ನು ತೆಗೆದುಕೊಂಡು ಹೋಗಬಾರದು ಎಂದು ಅವರು ಹೇಳಿದರು. ಕೊನೆಗೆ ಹಾಗೆಯೇ ಮುಚ್ಚಿಟ್ಟು ಬಂದೆವು. ಎರಡನೆಯ ಡಬ್ಬಿಯಲ್ಲಿ ಅಂಚೆಚೀಟಿ ಹಚ್ಚಿ, ವಿಳಾಸ ಬರೆದ ಒಂದು ಕಾರ್ಡು ಇತ್ತು. ಯಾರೋ ಮರೆತು ಹೋಗಿರಬೇಕೆಂದು ಅದನ್ನೂ ಮುಟ್ಟಲಿಲ್ಲ. ಅನುಭವಸ್ಥರು ದಯವಿಟ್ಟು ತಿಳಿಸಬೇಕು: ಈ ಮೂರರಲ್ಲಿ ನಾವು ಎಲ್ಲೆಲ್ಲಿ ತಪ್ಪಿದೆವು?

ಉತ್ತರ 1
ಬರೆದವರು: ಹಳೆಯ ಮುಳ್ಳು

ಡಬ್ಬಿ ಕಳೆದಿದೆ ಎಂಬ ತೀರ್ಮಾನಕ್ಕೆ ಈಗಲೇ ಬರಬೇಡಿ. ನಿಮ್ಮ ಬರಹದಲ್ಲಿಯೇ ಎರಡು ಕಾರಣಗಳು ಕಾಣಿಸುತ್ತಿವೆ.

ಮೊದಲನೆಯದು ಹೆಜ್ಜೆ. ಸುಳಿವಿನಲ್ಲಿರುವ ಹೆಜ್ಜೆ ನಿಮ್ಮದೂ ಅಲ್ಲ, ನಿಮ್ಮ ಪತಿಯದೂ ಅಲ್ಲ, ಅದನ್ನು ಬರೆದವರದು. ಒಬ್ಬರ ಹೆಜ್ಜೆ 65 ಸೆಂಟಿಮೀಟರ್ ಇದ್ದು ಇನ್ನೊಬ್ಬರದು 78 ಇದ್ದರೆ, 60 ಹೆಜ್ಜೆಗಳ ಕೊನೆಗೆ ಅಂತರ ಸುಮಾರು ಎಂಟು ಮೀಟರ್ ಆಗುತ್ತದೆ. ನಿಮ್ಮಿಬ್ಬರ ನಡುವೆ ಆದದ್ದೂ ಅಷ್ಟೇ. ಕೆಲವರು ಎಡಗಾಲಿನಿಂದ ಮತ್ತೆ ಎಡಗಾಲಿನವರೆಗೆ ಒಂದೆಂದು ಎಣಿಸುತ್ತಾರೆ, ಆಗ ದೂರವೇ ಇಮ್ಮಡಿಯಾಗುತ್ತದೆ. ಇದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ನಿಮಗೆ ಸಿಕ್ಕ ಎರಡು ಡಬ್ಬಿಗಳನ್ನೂ ಅಡಗಿಸಿದವರು ಇವರೇ ಆಗಿದ್ದು, ಆ ಸುಳಿವುಗಳಲ್ಲೂ ಹೆಜ್ಜೆಯ ಲೆಕ್ಕ ಇದ್ದರೆ, ಅಲ್ಲಿ ಹೇಳಿದ ಸ್ಥಳದಿಂದ ಡಬ್ಬಿಯವರೆಗೆ ನಿಮ್ಮ ಹೆಜ್ಜೆಯಲ್ಲಿ ಎಷ್ಟಾಗುತ್ತದೆಂದು ನಡೆದು ನೋಡಿ. ಅವರ 30 ನಿಮ್ಮ 36 ಆದರೆ, ಅವರ 60 ನಿಮ್ಮ 72. ನಾನಂತೂ ಡಬ್ಬಿ ಸಿಕ್ಕ ಮೇಲೆಯೂ ಒಮ್ಮೆ ಹಿಂದಕ್ಕೆ ಎಣಿಸಿ ನಡೆದು, ಆ ಸುಳಿವುಗಾರರ ಹೆಜ್ಜೆಯ ಲೆಕ್ಕವನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಇಳಿಜಾರಿನಲ್ಲಿ ಏರುವಾಗ ಹೆಜ್ಜೆ ಗಿಡ್ಡವಾಗುತ್ತದೆ ಎಂಬುದೂ ನೆನಪಿರಲಿ.

ಎರಡನೆಯದು ದಿಕ್ಕು, ನನ್ನ ಸಂಶಯವೆಲ್ಲ ಇರುವುದು ಇದರ ಮೇಲೆಯೇ. ನಿಮ್ಮವರು ಮೊಬೈಲ್ ಹಿಡಿದು ನಿಮ್ಮ ಕೈಯ ಮೇಲೆ ಬಾಗಿದ್ದರು ಎಂದು ಬರೆದಿದ್ದೀರಿ. ಮೊಬೈಲಿನ ಸ್ಪೀಕರಿನಲ್ಲಿ ಅಯಸ್ಕಾಂತವಿರುತ್ತದೆ. ಪುಸ್ತಕದಂತೆ ಮಡಚುವ ಕವರುಗಳನ್ನು ಮುಚ್ಚಿ ಹಿಡಿಯುವುದೂ ಬಹಳ ಸಲ ಅಯಸ್ಕಾಂತವೇ. ದಿಕ್ಸೂಚಿಯ ಮುಳ್ಳು ಭೂಮಿಯ ದುರ್ಬಲ ಕಾಂತಕ್ಷೇತ್ರಕ್ಕೆ ತಿರುಗುವಂಥದ್ದಾದ್ದರಿಂದ, ಒಂದು ಗೇಣು ದೂರದಲ್ಲಿರುವ ಆ ಅಯಸ್ಕಾಂತದ ಎಳೆತಕ್ಕೆ ಅದು ಸುಲಭವಾಗಿ ಸಿಲುಕುತ್ತದೆ. 20 ಡಿಗ್ರಿಯಷ್ಟು ತಪ್ಪಿದರೆ 45 ಮೀಟರಿನ ಕೊನೆಯಲ್ಲಿ ನೀವು ನಿಲ್ಲಬೇಕಾದ ಜಾಗದಿಂದ 15 ಮೀಟರಿಗಿಂತಲೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತೀರಿ. ಕಾಡಿನಲ್ಲಿ 15 ಮೀಟರ್ ಎಂದರೆ ಬೇರೆಯೇ ಮರಗಳು.

ಗುರಿಯ ಜಾಗದಲ್ಲಿ ನಿಂತು ಹಿಂದಿರುಗಿ ಬಂಡೆಯ ದಿಕ್ಕನ್ನು ನೋಡುವುದು ಹಳೆಯ ಪರೀಕ್ಷೆ. 140ಕ್ಕೆ 180 ಸೇರಿಸಿದರೆ 320 ಬರಬೇಕು. ಬಂಡೆಯಲ್ಲಿಯೇ ಕಬ್ಬಿಣದ ಅಂಶವಿದ್ದು ಮುಳ್ಳನ್ನು ಎಳೆಯುತ್ತಿದ್ದರೆ ಈ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಆದರೆ ಎಳೆಯುವ ವಸ್ತು ನಿಮ್ಮ ಜೊತೆಯಲ್ಲೇ ನಡೆದು ಬರುತ್ತಿದ್ದರೆ ಈ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಆದ್ದರಿಂದ ಮುಂದಿನ ಸಲ ಸುಳಿವನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ, ಮೊಬೈಲುಗಳೆಲ್ಲ ಬೆನ್ನಚೀಲದಲ್ಲಿರಲಿ, ದಿಕ್ಸೂಚಿ ಹಿಡಿದವರಿಂದ ಇನ್ನೊಬ್ಬರು ಎರಡು ಮಾರು ದೂರ ನಿಲ್ಲಲಿ.

ಇಷ್ಟಾದರೂ ಸಿಗದಿದ್ದರೆ ಸುಳಿವಿನ ಡಿಗ್ರಿಗಳನ್ನು ಯಾವ ಉತ್ತರ ದಿಕ್ಕಿನಿಂದ ಎಣಿಸಿದ್ದಾರೆ ಎಂದು ನೋಡಬೇಕಾಗುತ್ತದೆ. ನಕ್ಷೆಯ ಉತ್ತರವೂ ಮುಳ್ಳು ತೋರುವ ಉತ್ತರವೂ ಒಂದೇ ಅಲ್ಲ. ಅವೆರಡರ ನಡುವಿನ ಕೋನ ಕೆಲವು ಪ್ರದೇಶಗಳಲ್ಲಿ ಒಂದು ಡಿಗ್ರಿಗೂ ಕಡಿಮೆ ಇದ್ದರೆ ಕೆಲವೆಡೆ ಹದಿನೈದನ್ನು ದಾಟುತ್ತದೆ, ವರ್ಷಗಳು ಕಳೆದಂತೆ ಬದಲಾಗುತ್ತಲೂ ಇರುತ್ತದೆ. ಸಾಮಾನ್ಯವಾಗಿ ಸುಳಿವುಗಾರರು ಕೈಯಲ್ಲಿ ಹಿಡಿದ ಮುಳ್ಳು ತೋರಿದ್ದನ್ನೇ ಬರೆಯುತ್ತಾರೆ. ಮೊಬೈಲಿನ ದಿಕ್ಸೂಚಿಯನ್ನಾದರೆ ಎರಡರಲ್ಲಿ ಯಾವ ಉತ್ತರಕ್ಕೆ ಬೇಕಾದರೂ ಹೊಂದಿಸಿರಬಹುದು.

ಉತ್ತರ 2
ಬರೆದವರು: ಮೊಹರು ಕೊರೆಯುವವಳು

ನಾನು ಒದ್ದೆ ಪುಸ್ತಕದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಾನೇ ಅಡಗಿಸಿದ ಒಂದು ಡಬ್ಬಿಗೆ ಹೀಗೆಯೇ ಆಗಿತ್ತು. ಮೂರು ರಾತ್ರಿ ಕುಳಿತು ಪೆನ್ಸಿಲ್ ರಬ್ಬರಿನ ತುಂಡಿನಲ್ಲಿ ಜರಿಗಿಡದ ಎಲೆಯೊಂದನ್ನು ಕೊರೆದಿದ್ದೆ. ಮೊಹರು ಉಳಿದಿತ್ತು, ಅದನ್ನು ಅರಸಿ ಬಂದವರ ಗುರುತುಗಳೆಲ್ಲ ಹೋಗಿದ್ದವು. ಮೊಹರನ್ನು ಮತ್ತೆ ಕೊರೆಯಬಹುದು. ಆ ಪುಸ್ತಕ ಮತ್ತೆ ಹುಟ್ಟುವುದಿಲ್ಲ.

ಪುಸ್ತಕವನ್ನು ಮನೆಗೆ ಒಯ್ಯದೆ ಇದ್ದದ್ದು ಸರಿ. ನೀವು ಒಯ್ದ ಮರುದಿನವೇ ಇನ್ನೊಬ್ಬರು ಬಂದರೆ ಅವರಿಗೆ ಖಾಲಿ ಡಬ್ಬಿ ಸಿಗುತ್ತದೆ, ಅಡಗಿಸಿದವರಿಗೆ ಕಳ್ಳತನವಾಯಿತೆಂಬ ಸುದ್ದಿ ಮುಟ್ಟುತ್ತದೆ. ಆದರೆ ಹಾಗೆಯೇ ಮುಚ್ಚಿಟ್ಟು ಬಂದದ್ದು ಅರ್ಧ ಸರಿ. ಅಲ್ಲಿಯೇ ಮಾಡಬಹುದಾದ ಕೆಲಸ ಸಾಕಷ್ಟಿತ್ತು: ಡಬ್ಬಿಯಲ್ಲಿ ನಿಂತ ನೀರನ್ನು ಚೆಲ್ಲಿ ಒಳಭಾಗವನ್ನು ಒಣ ಬಟ್ಟೆಯಿಂದ ಒರೆಸುವುದು, ಪುಸ್ತಕವನ್ನು ಬಟ್ಟೆಯ ನಡುವೆ ಇಟ್ಟು ಮೆಲ್ಲನೆ ಅದುಮುವುದು, ಅಂಟಿದ ಪುಟಗಳನ್ನು ಎಳೆದು ಬಿಡಿಸದೆ ಹಾಗೆಯೇ ಬಿಡುವುದು, ಎಲ್ಲವನ್ನೂ ಹೊಸ ಜಿಪ್ ಚೀಲಕ್ಕೆ ಹಾಕುವುದು. ಪುಸ್ತಕಕ್ಕೊಂದು, ಮೊಹರಿಗೊಂದು ಎಂದು ಬೇರೆ ಬೇರೆ ಚೀಲಗಳಿದ್ದರೆ ಮೊಹರಿನಲ್ಲಿ ಉಳಿದ ಶಾಯಿ ಪುಟಗಳಿಗೆ ತಾಗುವುದಿಲ್ಲ. ಬರೆಯಲು ಒಣ ಹಾಳೆಯೇ ಇಲ್ಲದಿದ್ದರೆ ಒಂದು ಬಿಡಿ ಹಾಳೆಯಲ್ಲಿ ನಿಮ್ಮ ಮೊಹರು ಒತ್ತಿ ಇಟ್ಟು ಬರಬಹುದು. ಮನೆಗೆ ಬಂದ ದಿನವೇ ಅಡಗಿಸಿದವರಿಗೆ ಸುದ್ದಿ ತಿಳಿಸಿ. ಸುಳಿವಿನ ಜೊತೆ ಸಂಪರ್ಕದ ದಾರಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅವರು ಒಪ್ಪಿದರೆ ಪುಸ್ತಕವನ್ನೇ ಬದಲಿಸಿ ಕೊಡಿ.

ನೀರು ಹೇಗೆ ಒಳಹೊಕ್ಕಿತೆಂದು ನೋಡಿದ್ದೀರಾ? ಡಬ್ಬಿ ಒಡೆದಿರುವುದಕ್ಕಿಂತ ಹೆಚ್ಚಾಗಿ, ಅವಸರದಲ್ಲಿ ಮುಚ್ಚುವಾಗ ಒಳಚೀಲದ ಒಂದು ಮೂಲೆ ಮುಚ್ಚಳದ ಅಂಚಿಗೆ ಸಿಕ್ಕಿಕೊಂಡಿರುತ್ತದೆ. ಆ ಮೂಲೆಯ ಮಡಿಕೆಯ ಗುಂಟ ಮಳೆಯ ನೀರು ಹನಿಹನಿಯಾಗಿ ಒಳಗಿಳಿಯುತ್ತದೆ. ಒಂದು ತರಗೆಲೆಯ ಚೂರು, ನಾಲ್ಕು ಕಾಳು ಮರಳು ಸಿಕ್ಕಿಕೊಂಡರೂ ಹೀಗೆಯೇ. ಆದ್ದರಿಂದ ಮುಚ್ಚುವ ಮೊದಲು ಅಂಚಿನ ಸುತ್ತ ಒಮ್ಮೆ ಬೆರಳಾಡಿಸುವುದನ್ನು ರೂಢಿ ಮಾಡಿಕೊಳ್ಳಿ. ಶಾಯಿಯಲ್ಲೂ ವ್ಯತ್ಯಾಸವಿದೆ. ಬಣ್ಣ ಪೂರ್ತಿ ಕರಗಿರುವ ಡೈ ಶಾಯಿ ನೀರು ತಾಗಿದೊಡನೆ ಹರಡುತ್ತದೆ. ಕರಗದ ಬಣ್ಣದ ಪುಡಿ ಬೆರೆಸಿದ ಪಿಗ್ಮೆಂಟ್ ಶಾಯಿ ಒಣಗಲು ಹೆಚ್ಚು ಹೊತ್ತು ಬೇಕಾದರೂ ಒಣಗಿದ ಮೇಲೆ ಅಷ್ಟು ಸುಲಭವಾಗಿ ಕದಲುವುದಿಲ್ಲ. ನಿಮ್ಮ ಮೊಹರು ಆ ಪುಸ್ತಕಗಳಲ್ಲಿ ಉಳಿಯಬೇಕೆಂಬ ಆಸೆಯಿದ್ದರೆ ಎರಡನೆಯದನ್ನು ಬಳಸಿ, ಪುಸ್ತಕ ಮುಚ್ಚುವ ಮುನ್ನ ಎರಡು ನಿಮಿಷ ಕಾಯಿರಿ.

ಉತ್ತರ 3
ಬರೆದವರು: ತರಗೆಲೆ

ಎರಡೂವರೆ ಗಂಟೆ ಎಂದು ಓದಿದಾಗ ನನಗೆ ಡಬ್ಬಿಗಿಂತ ಆ ಜಾಗದ ಚಿಂತೆಯಾಯಿತು. ದಯವಿಟ್ಟು ಇದನ್ನು ಆಕ್ಷೇಪಣೆಯೆಂದು ತಿಳಿಯಬೇಡಿ. ಇಬ್ಬರು ಅಷ್ಟು ಹೊತ್ತು ಒಂದೇ ಹತ್ತಿಪ್ಪತ್ತು ಮೀಟರಿನಲ್ಲಿ ಓಡಾಡಿದರೆ ನೆಲದ ಮೇಲೆ ಹೊಸ ಕಾಲುಹಾದಿಯೇ ಮೂಡುತ್ತದೆ; ಮುಂದೆ ಬರುವವರು ಆ ತುಳಿತವನ್ನೇ ಸುಳಿವೆಂದು ತಿಳಿದು ಇನ್ನಷ್ಟು ತುಳಿಯುತ್ತಾರೆ. ಕಲ್ಲಿನ ಮೇಲಿನ ಹಾವಸೆಯನ್ನು ಒಮ್ಮೆ ಕಿತ್ತರೆ ಅದು ಮತ್ತೆ ಹಬ್ಬಲು ವರ್ಷಗಳೇ ಬೇಕು. ಡಬ್ಬಿಯನ್ನು ಸರಿಯಾಗಿ ಅಡಗಿಸಿದವರು ನೆಲ ಅಗೆದಿರುವುದಿಲ್ಲ, ತೊಗಟೆ ಕಿತ್ತಿರುವುದಿಲ್ಲ, ಹಳೆಯ ಕಲ್ಲುಗೋಡೆಯನ್ನು ಬಿಚ್ಚಿರುವುದಿಲ್ಲ. ಆದ್ದರಿಂದ ಅವುಗಳಲ್ಲಿ ಯಾವುದನ್ನಾದರೂ ಮಾಡಬೇಕಾಗಿ ಬಂದರೆ ನೀವು ತಪ್ಪು ಜಾಗದಲ್ಲಿದ್ದೀರಿ ಎಂದೇ ಅರ್ಥ.

ನಾವು ಮನೆಯವರೆಲ್ಲ ಸೇರಿ ಹುಡುಕುವಾಗ ಒಂದು ಜಾಗಕ್ಕೆ ಅರ್ಧ ಗಂಟೆ ಎಂದು ನಿಗದಿ ಮಾಡಿಕೊಂಡಿದ್ದೇವೆ. ಅಷ್ಟರಲ್ಲಿ ಸಿಗದಿದ್ದರೆ ಮತ್ತೆ ಪೊದೆ ಸರಿಸುವುದಿಲ್ಲ. ಆರಂಭದ ಗುರುತಿಗೆ ಹಿಂದಿರುಗಿ, ಇನ್ನೊಬ್ಬರು ಸುಳಿವನ್ನು ಗಟ್ಟಿಯಾಗಿ ಓದಿ, ಮೊದಲಿನಿಂದ ಲೆಕ್ಕ ಹಾಕುತ್ತೇವೆ. ಕಣ್ಣಿನಿಂದ ಕಾಣದ ಪೊಟರೆಗೆ ಬರಿಗೈ ಹಾಕಬೇಡಿ, ಮೊದಲು ಟಾರ್ಚ್ ಬಿಟ್ಟು ನೋಡಿ, ಬಳಿಕ ಕೋಲಿನಿಂದ ಮೆಲ್ಲನೆ ತಟ್ಟಿ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂಭಾಗ, ಸೊಂಟದ ಪಟ್ಟಿ, ಕಿವಿಯ ಹಿಂದೆ ಉಣುಗು ಕಚ್ಚಿದೆಯೇ ಎಂದು ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳಿ. ಕಚ್ಚಿದ್ದರೆ ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆದು ತೆಗೆಯಬೇಕು. ಸುಡುವುದು, ಎಣ್ಣೆ ಹಚ್ಚುವುದು ಬೇಡ.

ಉತ್ತರ 4
ಬರೆದವರು: ಹಳೆಯ ಅಂಚೆ

ಆ ಕಾರ್ಡನ್ನು ಯಾರೂ ಮರೆತು ಹೋಗಿಲ್ಲ. ಅದು ನಿಮಗಾಗಿಯೇ ಇಟ್ಟದ್ದು.

ಈ ಹವ್ಯಾಸಕ್ಕೆ ಲೆಟರ್‌ಬಾಕ್ಸಿಂಗ್ ಎಂಬ ಹೆಸರು ಬಂದದ್ದೇ ಅಂಥ ಕಾರ್ಡುಗಳಿಂದ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಡಾರ್ಟ್‌ಮೂರ್ ಎಂಬ ವಿಶಾಲವಾದ ಬಯಲು ಬೆಟ್ಟಸೀಮೆ ಇದೆ. ಅಲ್ಲಿಯ ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿಯನ್ನಿಟ್ಟರು. ಜವುಗು ನೆಲವನ್ನು ದಾಟಿ ಅಲ್ಲಿಯವರೆಗೆ ನಡೆದು ಬಂದವರು ತಾವು ಬಂದದ್ದಕ್ಕೆ ಗುರುತಾಗಿ ತಮ್ಮ ಹೆಸರಿನ ಕಾರ್ಡನ್ನು ಅದರಲ್ಲಿ ಬಿಟ್ಟು ಹೋಗುತ್ತಿದ್ದರು. ಮುಂದೆ ಅಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು: ಬಂದವರು ತಮಗೋ ತಮ್ಮ ಆಪ್ತರಿಗೋ ವಿಳಾಸ ಬರೆದ ಕಾಗದವನ್ನು ಡಬ್ಬಿಯಲ್ಲಿಡುವುದು, ಆನಂತರ ಅಲ್ಲಿಗೆ ತಲುಪಿದವರು ಅದನ್ನು ತೆಗೆದುಕೊಂಡು ಹೋಗಿ ಅಂಚೆಗೆ ಹಾಕುವುದು. ಕಾಗದ ಎಷ್ಟು ದಿನಕ್ಕೆ ಮನೆ ಸೇರಿತು ಎಂಬುದರಿಂದ, ತನ್ನ ನಂತರ ಇನ್ನೊಬ್ಬರು ಅಲ್ಲಿಗೆ ಯಾವಾಗ ಹೋದರೆಂದು ಬರೆದವರಿಗೆ ತಿಳಿಯುತ್ತಿತ್ತು. ಬಹುಕಾಲ ಇದು ಡಾರ್ಟ್‌ಮೂರಿನ ಆಸುಪಾಸಿನವರ ಹವ್ಯಾಸವಾಗಿಯೇ ಉಳಿದಿತ್ತು; 1998ರಲ್ಲಿ ಸ್ಮಿತ್‌ಸೋನಿಯನ್ ಪತ್ರಿಕೆಯಲ್ಲಿ ಲೇಖನವೊಂದು ಬಂದ ಬಳಿಕ ಅಮೆರಿಕದಲ್ಲಿ ಹರಡಿತು. ಜಿಪಿಎಸ್ ಹಿಡಿದು ಹುಡುಕುವ ಜಿಯೋಕ್ಯಾಶಿಂಗ್ ಹುಟ್ಟಿದ್ದು ಇದಾದ ಮೇಲೆ, 2000ದ ಮೇ ತಿಂಗಳಲ್ಲಿ. ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಜಿಪಿಎಸ್ ನಿಮ್ಮನ್ನು ಒಂದು ಬಿಂದುವಿಗೆ ಕರೆದೊಯ್ಯುತ್ತದೆ. ಸುಳಿವನ್ನು ನೆಚ್ಚಿ ನಡೆಯುವಾಗ ಮಾತ್ರ ಬರೆದವರು ಯಾವ ಮರವನ್ನು ನೋಡಿದರು, ಎಲ್ಲಿ ತಿರುಗಿ ನಿಂತರು, ಯಾವುದನ್ನು ಪೊಟರೆಯೆಂದು ಕರೆದರು ಎಂಬುದನ್ನೆಲ್ಲ ನಾವು ಯೋಚಿಸಬೇಕಾಗುತ್ತದೆ.

ಮೊಹರು ಬಂದ ಮೇಲೆ ಕಾರ್ಡು ಇಡುವವರು ಕಡಿಮೆಯಾಗಿದ್ದಾರೆ. ಹಳೆಯ ಪದ್ಧತಿಯನ್ನು ಬಲ್ಲವರು ಒಬ್ಬರು ನಿಮ್ಮ ಹಾದಿಯಲ್ಲಿ ನಿಮಗಿಂತ ಮುಂದೆ ಹೋಗಿದ್ದಾರೆ. ಸಾಧ್ಯವಾದರೆ ಹಿಂದಿರುಗಿ ಹೋಗಿ ಅದನ್ನು ಅಂಚೆಗೆ ಹಾಕಿ. ವಿಳಾಸವನ್ನು ಯಾರಿಗೂ ತೋರಿಸಬೇಡಿ, ಚಿತ್ರ ತೆಗೆದು ಎಲ್ಲಿಯೂ ಹಾಕಬೇಡಿ.

ಮರುಉತ್ತರ
ಬರೆದವರು: ಜೋಡಿಹೆಜ್ಜೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೊದಲ ಉತ್ತರ ಓದಿದ ರಾತ್ರಿಯೇ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು, ಮುಳ್ಳು ಪೂರ್ತಿ ನಿಂತ ಮೇಲೆ, ನಮ್ಮವರು ತಮ್ಮ ಮೊಬೈಲನ್ನು ಕವರಿನ ಸಮೇತ ಮೆಲ್ಲಗೆ ಹತ್ತಿರ ತಂದರು. ಎರಡು ಗೇಣು ದೂರದಲ್ಲಿ ಏನೂ ಆಗಲಿಲ್ಲ. ಒಂದು ಗೇಣಿಗೆ ಬಂದಾಗ ಮುಳ್ಳು ಒಮ್ಮೆ ನಡುಗಿ ಪಕ್ಕಕ್ಕೆ ಹೊರಳಿತು. ಅವರು ಅಂದು ನನ್ನ ಕೈಯ ಮೇಲೆ ಬಾಗಿದ್ದಷ್ಟು ಹತ್ತಿರಕ್ಕೆ ತಂದಾಗ ಅದು 20 ಡಿಗ್ರಿಗಿಂತಲೂ ಆಚೆ ಹೋಗಿ ಅಲ್ಲಿಯೇ ನಿಂತಿತು. ಕವರನ್ನು ಕಳಚಿದರೆ ತಿರುಗುವುದು ಬಹಳಷ್ಟು ಕಡಿಮೆಯಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಿನ್ನೆ ಮತ್ತೆ ಹೋಗಿದ್ದೆವು. ಮೊದಲು ಎರಡನೆಯ ಡಬ್ಬಿಯ ಬಳಿ ಸುಳಿವುಗಾರರ ಹೆಜ್ಜೆಯನ್ನು ಅಳೆದೆವು. ಅದು ನನ್ನ ಹೆಜ್ಜೆಗೆ ಹೆಚ್ಚುಕಡಿಮೆ ಸರಿಹೊಂದಿತು, ಆದ್ದರಿಂದ ಎಣಿಸುವ ಕೆಲಸ ನನಗೇ ಬಂತು. ಬಂಡೆಯ ಬಳಿ ಮೊಬೈಲುಗಳನ್ನು ಚೀಲದಲ್ಲಿಟ್ಟು, ಚೀಲವನ್ನು ಹಾದಿಯ ಬದಿಯಲ್ಲಿ ಬಿಟ್ಟು, ಸುಳಿವಿನ ಚೀಟಿಯನ್ನು ಅವರು ದೂರದಲ್ಲಿ ನಿಂತು ಓದಿದರು. ಮುಳ್ಳು ತೋರಿದ ದಿಕ್ಕು ಕಳೆದ ವಾರದ್ದಕ್ಕಿಂತ ಬಹಳ ಎಡಕ್ಕಿತ್ತು. ಐವತ್ತೆಂಟನೆಯ ಹೆಜ್ಜೆಗೆ ನನ್ನ ಮುಂದೆ ಒಂದೇ ಕಾಂಡದ ಮರ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಅದರ ಜೊತೆಗಾರ ಕಾಂಡ ಮೊಣಕಾಲಿನ ಎತ್ತರದಲ್ಲಿ ಮುರಿದು, ಇಳಿಜಾರಿನ ಕೆಳಗೆ ಜರಿಗಿಡಗಳ ನಡುವೆ ಬಿದ್ದಿತ್ತು. ಮುರಿದ ಜಾಗದ ಸೀಳುಗಳು ಇನ್ನೂ ತಿಳಿಹಳದಿ ಬಣ್ಣದಲ್ಲಿದ್ದವು, ಒಂದು ಸಾಲು ಇರುವೆಗಳು ಅವುಗಳ ಮೇಲೆ ಹತ್ತಿ ಇಳಿಯುತ್ತಿದ್ದವು. ಕಳೆದ ವಾರ ದಿಕ್ಕು ಸರಿಯಿದ್ದಿದ್ದರೂ ಎರಡು ಕಾಂಡಗಳನ್ನೇ ಅರಸುತ್ತಾ ಈ ಮರವನ್ನು ದಾಟಿ ಹೋಗುತ್ತಿದ್ದೆವೇನೋ. ಮೇಲ್ಭಾಗದ ಕಡೆಗೆ ಸುತ್ತಿ ಬಂದು ಟಾರ್ಚ್ ಬಿಟ್ಟಾಗ ಪೊಟರೆಯೊಳಗೆ ಅಂಗೈ ಅಗಲದ ಚಪ್ಪಟೆ ಕಲ್ಲು ಕಾಣಿಸಿತು. ಕೋಲಿನಿಂದ ತಟ್ಟಿ, ಕಲ್ಲನ್ನು ಸರಿಸಿ, ಅವರೇ ಡಬ್ಬಿಯನ್ನು ಹೊರತೆಗೆದರು.

ಪುಸ್ತಕ ಒಣಗಿಯೇ ಇತ್ತು. ಮೊಹರಿನಲ್ಲಿ ಕೊರೆದಿದ್ದುದು ಎರಡು ಕಾಂಡದ ಅದೇ ಮರ. ನಾವು ನಮ್ಮ ಮೊಹರು ಒತ್ತಿ, ಶಾಯಿ ಒಣಗುವವರೆಗೆ ಕಾದು, ಒಂದು ಕಾಂಡ ಬಿದ್ದಿರುವುದನ್ನು ಮುಂದೆ ಬರುವವರಿಗಾಗಿ ಪುಸ್ತಕದಲ್ಲಿ ಬರೆದೆವು, ಸುಳಿವುಗಾರರಿಗೂ ತಿಳಿಸಿದ್ದೇವೆ. ಮೊದಲನೆಯ ಡಬ್ಬಿಯ ಪುಸ್ತಕವನ್ನು ಬದಲಿಸಲು ಅವರು ಒಪ್ಪಿಗೆ ಕೊಟ್ಟಿದ್ದಾರೆ, ಹಳೆಯದನ್ನು ಒಣಗಿಸಿ ತಮಗೆ ತಲುಪಿಸಬೇಕೆಂದೂ ಕೇಳಿದ್ದಾರೆ. ಆ ಡಬ್ಬಿಯ ಮುಚ್ಚಳದ ಅಂಚಿಗೆ ಚೀಲದ ಮೂಲೆ ಸಿಕ್ಕಿಕೊಂಡಿದ್ದುದು ನಿಜ.

ಕಾರ್ಡು ಎರಡನೆಯ ಡಬ್ಬಿಯಲ್ಲಿ ಹಾಗೆಯೇ ಇತ್ತು. ಈ ವಾರ ಅಲ್ಲಿಗೆ ಬೇರೆ ಯಾರೂ ಬಂದಿರಲಿಲ್ಲ. ಅದನ್ನು ತೆಗೆದುಕೊಂಡು, ಅದರ ಜಾಗದಲ್ಲಿ ನಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಒಂದು ಕಾರ್ಡನ್ನಿಟ್ಟು ಬಂದೆವು. ಊರು ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಮನೆಗೆ ಹೋಗುವ ಮೊದಲೇ ಅಂಚೆಪೆಟ್ಟಿಗೆಯ ಬಳಿ ನಿಂತು ಅವರ ಕಾರ್ಡನ್ನು ಹಾಕಿದೆವು. ಇವತ್ತು ಬೆಳಗಿನ ಟಪ್ಪೆಯಲ್ಲಿ ಅದು ಹೊರಟಿರಬೇಕು.